ಗಣಿತದ ಮಾಸ್ತರರನ್ನು ಕಚೇರಿಯಲ್ಲಿಟ್ಟುಕೊಂಡು ಪಾಲಕರಿಗೆ ಬುದ್ಧಿವಾದವೇ?



ನಮ್ಮ ತಾಲ್ಲೂಕಿನ ಪಾಲಕರ ಸಭೆಯ ವರದಿಯನ್ನು ನಿಮ್ಮ ಪತ್ರಿಕೆ ಜಿಲ್ಲಾ ಪುಟದಲ್ಲಿ ‘ಪಾಲಕರ ನಿರ್ಲಕ್ಷ್ಯವೇ ಫಲಿತಾಂಶ ಕುಸಿತಕ್ಕೆ ಕಾರಣ’ ಎಂಬ ತಲೆಬರಹ ಕೊಟ್ಟು ಪ್ರಕಟಿಸಿದೆ. ವೇದಿಕೆಯ ಮೇಲಿದ್ದವರ ಫೋಟೊ ಇದೆ, ಅವರು ಆಡಿದ ಮಾತೆಲ್ಲ ಇದೆ. ಕೆಳಗೆ ಜಮಖಾನೆಯ ಮೇಲೆ ಕೂತವರು ಎದ್ದು ಕೇಳಿದ ಪ್ರಶ್ನೆ ಮಾತ್ರ ಇಲ್ಲ. ಅದನ್ನು ನಾನು ಬರೆಯುತ್ತಿದ್ದೇನೆ. ದಯವಿಟ್ಟು ಕತ್ತರಿ ಹಾಕದೆ ಅಚ್ಚು ಮಾಡಿ.

ಏಳನೇ ತರಗತಿಯಲ್ಲಿ ಓದುವ ಹುಡುಗನ ತಾಯಿಯೊಬ್ಬರು ಕೇಳಿದ್ದು ಇಷ್ಟು: ‘ಸಾಹೇಬ್ರ, ನಮ್ಮ ಸಾಲಿ ಗಣಿತದ ಮಾಸ್ತರ್ ನಿಮ್ಮ ಆಫೀಸಿನ್ಯಾಗ ಅದಾರ. ಅವರನ್ನ ಯಾವಾಗ ವಾಪಸ್ ಕಳಸ್ತೀರಿ?’ ಇದಕ್ಕೆ ವೇದಿಕೆಯ ಮೇಲಿದ್ದ ತಾಲ್ಲೂಕಿನ ಶಿಕ್ಷಣಾಧಿಕಾರಿಯಿಂದ ಬಂದ ಉತ್ತರ, ‘ಮೊದಲು ನೀವು ಮಕ್ಕಳನ್ನು ಹತ್ತಿ ಬಿಡಿಸಲು ಕರಕೊಂಡು ಹೋಗುವುದನ್ನು ನಿಲ್ಲಿಸಿರಿ.’ ಮುಂದಿನ ಸಾಲಿನ ಕುರ್ಚಿಗಳಿಂದ ಚಪ್ಪಾಳೆ ಬಿತ್ತು. ಕೂಲಿ ಬಿಟ್ಟು, ಅರ್ಧ ದಿನದ ಪಗಾರ ಬಿಟ್ಟು ಸಭೆಗೆ ಬಂದ ಹೆಣ್ಣುಮಗಳಿಗೆ ನಾಲ್ಕು ಜನರ ಮುಂದೆ ಆದ ಅವಮಾನ ಅದು. ಆ ಹೊತ್ತಿನಿಂದ ನನಗೆ ಸಮಾಧಾನವಿಲ್ಲ.

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿ ಈ ‘ನಿಯೋಜನೆ’ಯ ಕಥೆ ನನಗೆ ಚೆನ್ನಾಗಿ ಗೊತ್ತು. ನಮ್ಮದು ಒಂದರಿಂದ ಎಂಟನೇ ತರಗತಿವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು, ಏಳು, ಎಂಟಕ್ಕೆ ಗಣಿತ ಹೇಳಿಕೊಡಬೇಕಾದ ಪದವೀಧರ ಶಿಕ್ಷಕರ ಹುದ್ದೆ ನಮ್ಮ ಶಾಲೆಯದು. ಸಂಬಳದ ಬಿಲ್ಲು ನಮ್ಮ ಶಾಲೆಯ ಹೆಸರಿನಲ್ಲೇ ಆಗುತ್ತದೆ. ಮನುಷ್ಯ ಮಾತ್ರ ತಾಲ್ಲೂಕಿನ ಶಿಕ್ಷಣ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ. ಕಡತದಲ್ಲಿ ಹುದ್ದೆ ಭರ್ತಿಯಾಗಿರುವುದರಿಂದ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಅದು ಖಾಲಿ ಎಂದು ತೋರುವುದಿಲ್ಲ, ಹಾಗಾಗಿ ಬೇರೆ ಶಿಕ್ಷಕರು ಬರುವುದಿಲ್ಲ. ಅತಿಥಿ ಶಿಕ್ಷಕರನ್ನಾದರೂ ಕೊಡಿ ಎಂದರೆ ‘ಖಾಲಿ ಹುದ್ದೆಗೆ ಮಾತ್ರ ಅತಿಥಿ ಶಿಕ್ಷಕರು, ನಿಮ್ಮಲ್ಲಿ ಖಾಲಿ ಇಲ್ಲವಲ್ಲ’ ಎನ್ನುತ್ತಾರೆ. ಒಂದು ಬಾಯಿಮಾತಿನ ಆದೇಶದಿಂದ ಮೂರು ತರಗತಿಗಳ ಗಣಿತಕ್ಕೆ ಮೂರು ಕಡೆಯಿಂದ ಬಾಗಿಲು ಹಾಕಿದಂತಾಗಿದೆ. ಸಮಾಜ ವಿಜ್ಞಾನದ ಟೀಚರ್ ತಮ್ಮ ಪಾಠ ಮುಗಿಸಿ ಗಣಿತಕ್ಕೂ ಹೋಗುತ್ತಾರೆ. ಆ ಟೀಚರಿಗೆ ನಾವು ಊರವರೆಲ್ಲ ಋಣಿ. ಆದರೆ ಬೀಜಗಣಿತ ಅವರ ವಿಷಯವಲ್ಲ ಎಂಬುದನ್ನು ಅವರೇ ಕಣ್ಣೀರು ತುಂಬಿಕೊಂಡು ಹೇಳುತ್ತಾರೆ.

ಇದು ಬರೀ ಅನ್ಯಾಯವಲ್ಲ, ಕಾನೂನಿಗೆ ವಿರುದ್ಧ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 25ನೇ ಕಲಂ, ಶಾಲೆಗೆ ನೇಮಕಗೊಂಡ ಶಿಕ್ಷಕರನ್ನು ಬೇರೆ ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಸಿಕೊಳ್ಳಬಾರದು ಎಂದು ನೇರವಾಗಿ ಹೇಳುತ್ತದೆ. ಕಚೇರಿ ಎಂಬುದೂ ಅದರಲ್ಲಿದೆ, ಸಾಹೇಬರು ಓದಿಕೊಳ್ಳಲಿ. ಅದೇ ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ತರಗತಿಗೊಬ್ಬರಂತೆ ಶಿಕ್ಷಕರಿರಬೇಕು, ಅವರಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು ಇರಲೇಬೇಕು. ಕಾನೂನು ಮುರಿದವರು ವೇದಿಕೆಯ ಮೇಲೆ, ಅನುಭವಿಸಿದವರು ಕೆಳಗೆ, ಬೈಸಿಕೊಂಡವರೂ ಕೆಳಗಿನವರೇ.

ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ ಕಳಿಸಿದೆವು. ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ. ಮತ್ತೊಂದು ಠರಾವಿಗೂ ಅದೇ ಗತಿ. ನಮ್ಮ ಮುಖ್ಯ ಗುರುಗಳನ್ನು ಕರೆಸಿ, ‘ನಿಮ್ಮ ಎಸ್‌ಡಿಎಂಸಿಯವರಿಗೆ ಸ್ವಲ್ಪ ತಿಳಿಸಿ ಹೇಳಿ’ ಎಂದರಂತೆ. ಸಮಿತಿಯ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾನೂನು ಮಾಡಿದ್ದು ನಾವು ಸ್ವಾತಂತ್ರ್ಯ ದಿನಾಚರಣೆಯಲ್ಲಿ ತೆಂಗಿನಕಾಯಿ ಒಡೆದು, ಶಾಲೆಯ ಬಣ್ಣಕ್ಕೆ ಚಂದಾ ಎತ್ತಿ ಸುಮ್ಮನಿರಲಿ ಎಂದಲ್ಲ. ಈ ಶಾಲೆಯ ಜಾಗ ಊರಿನ ಹಿರಿಯರು ಬಿಟ್ಟುಕೊಟ್ಟದ್ದು. ಕಾಂಪೌಂಡಿಗೆ ಕಲ್ಲು ಹೊತ್ತವರು ಇದೇ ‘ನಿರ್ಲಕ್ಷ್ಯ’ದ ಪಾಲಕರು.

ಈಗ ಫಲಿತಾಂಶಕ್ಕೆ ಬರುತ್ತೇನೆ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಯಾದಗಿರಿ ಶೇ 50.59ರೊಂದಿಗೆ ಕೊನೆಗೆ ನಿಂತಿತು. 2025ರಲ್ಲಿ ಆ ಗ್ರೇಸ್ ಹೋಯಿತು. ಮೊದಲ ಪರೀಕ್ಷೆಯಲ್ಲಿ ರಾಜ್ಯಕ್ಕೆ ಶೇ 62.34 ಬಂದರೆ, ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಿಗೆ, ಕಲಬುರಗಿ ಶೇ 42.43 ಪಡೆದು ಕೊನೆಗೆ. ಹಾಗಾದರೆ ಹಿಂದಿನ ವರ್ಷಗಳಲ್ಲಿ ನಮ್ಮ ಮಕ್ಕಳಿಗೆ ನಿಜವಾಗಿ ಏನು ಕಲಿಸಿದ್ದಿರಿ? ಅದನ್ನು ಯಾರೂ ಕೇಳುವುದಿಲ್ಲ. ಬದಲಿಗೆ ಪಾಸಾಗಲು ಬೇಕಾದ ಅಂಕವನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿದ್ದಾರೆ. ಹತ್ತನೇ ತರಗತಿಯವರಿಗೆ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ರಾತ್ರಿ ಮನೆಮನೆ ಭೇಟಿ, ತಿಂಗಳಿಗೊಂದು ಪರಿಶೀಲನಾ ಸಭೆ. ಭಾಗಾಕಾರ ಬಾರದೆ, ಋಣ ಸಂಖ್ಯೆ ಎಂದರೇನೆಂದು ತಿಳಿಯದೆ ಎಂಟು ದಾಟಿ ಬಂದ ಹುಡುಗನಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಓಡಾಡಿಸಿದರೆ ತ್ರಿಕೋನಮಿತಿ ಬರುತ್ತದೆಯೇ? ಹತ್ತನೆಯದರ ಫಲಿತಾಂಶ ಆರನೆಯದರಲ್ಲಿ ತಯಾರಾಗುತ್ತದೆ. ಆ ಆರನೆಯದರ ಮಾಸ್ತರು ಎಲ್ಲಿದ್ದಾರೆಂದು ಮೇಲೆ ಬರೆದಿದ್ದೇನೆ. ಬಿತ್ತುವವನನ್ನು ಹೊಲ ಬಿಡಿಸಿ ಕಳಿಸಿ, ರಾಶಿ ಕಡಿಮೆ ಬಂತೆಂದು ಕೂಲಿಯವರನ್ನು ಬೈಯುವ ಯಜಮಾನಿಕೆ ಇದು.

ಇನ್ನು ಹತ್ತಿ ಬಿಡಿಸುವ ಮಾತು. ಹೌದು, ಕೆಲವು ಮನೆಗಳ ಮಕ್ಕಳು ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆ, ಮುಂಬೈಗೆ ಗುಳೆಯೂ ಹೋಗುತ್ತಾರೆ. ಶೋಕಿಗೆ ಹೋಗುತ್ತಾರೆಯೇ? ಎಷ್ಟೋ ತಂದೆತಾಯಿ ಮಕ್ಕಳನ್ನು ಮುದುಕಿಯೊಬ್ಬಳ ಹತ್ತಿರ ಬಿಟ್ಟು, ಶಾಲೆಯಲ್ಲಿ ಮಧ್ಯಾಹ್ನ ಊಟ ಸಿಗುತ್ತದೆ, ನಾಲ್ಕಕ್ಷರ ಬರುತ್ತದೆ ಎಂಬ ಭರವಸೆಯ ಮೇಲೆ ಬಸ್ ಹತ್ತುತ್ತಾರೆ. ಊಟ ಸಿಗುತ್ತಿದೆ, ಅಡುಗೆಯ ಅಕ್ಕಂದಿರಿಗೆ ಪುಣ್ಯ ಬರಲಿ. ಅಕ್ಷರದ ಭರವಸೆಯನ್ನು ಮುರಿದವರು ಯಾರು? ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿನ ಹಾಸ್ಟೆಲ್ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲೇ ಅವಕಾಶವಿದೆ. ನಮ್ಮ ಹೋಬಳಿಯಲ್ಲಿ ಅಂಥದ್ದೊಂದನ್ನು ಯಾರೂ ಕಂಡಿಲ್ಲ. ಅದನ್ನು ತೆರೆಯದೆ ತಾಯಂದಿರನ್ನು ಗದರಿಸುವುದು ಸುಲಭ.

ಹಾಜರಿಯ ಬಗ್ಗೆ ಅಷ್ಟು ಕಾಳಜಿಯಿದ್ದರೆ ಇನ್ನೊಂದು ವಿಷಯಕ್ಕೂ ಉತ್ತರ ಕೊಡಲಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ಕ್ಕೆ ಆರಂಭವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಶಿಕ್ಷಕರೇ ಗಣತಿದಾರರಾದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಅದರ ಬೆನ್ನಿಗೇ ದೀಪಾವಳಿ. ಆ ದಿನಗಳಲ್ಲಿ ಖಾಸಗಿ ಶಾಲೆಯ ಹಳದಿ ಬಸ್ಸು ನಮ್ಮೂರಿಗೆ ಬಂದು, ದುಡ್ಡು ಕಟ್ಟುವ ಶಕ್ತಿಯಿದ್ದವರ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ನಮ್ಮ ಮಕ್ಕಳು ಅದನ್ನು ನೋಡುತ್ತ ಅಗಸಿಯ ಕಟ್ಟೆಯ ಮೇಲೆ ಕೂತಿದ್ದರು. ಆಗ ಎಷ್ಟು ಮಕ್ಕಳು ಹೊಲಕ್ಕೆ ಹೋದರು, ಅದರಲ್ಲಿ ಎಷ್ಟು ಮಕ್ಕಳು ಶಾಲೆ ತೆರೆದ ಮೇಲೂ ಮರಳಲಿಲ್ಲ ಎಂದು ಯಾವ ಅಧಿಕಾರಿ ವಿಚಾರಿಸಿದ್ದಾರೆ?

ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮಂಥವರ ಸ್ಥಿತಿಗತಿ ಸರ್ಕಾರಕ್ಕೆ ತಿಳಿಯಲೇಬೇಕು. ಆದರೆ ಪ್ರತಿ ಸಲವೂ ಸರ್ಕಾರಿ ಶಾಲೆಯ ಮಾಸ್ತರೇ ಏಕೆ? ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಪಾಠದಿಂದ ಹೊರಗೆ ಬಳಸಲು ಅವಕಾಶ ಕೊಡುವುದು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಮಾತ್ರ. ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕೆಂಬುದೂ ಅದೇ ಕಾನೂನು. ಕಳೆದ ದಿನಗಳನ್ನು ಹೆಚ್ಚುವರಿ ತರಗತಿ ಮಾಡಿ ತುಂಬುತ್ತೇವೆ ಎನ್ನುವವರು, ಇಲ್ಲದ ಮಾಸ್ತರರಿಂದ ಹೆಚ್ಚುವರಿ ತರಗತಿ ಹೇಗೆ ಮಾಡಿಸುತ್ತಾರೋ ಹೇಳಲಿ.

ಅನುದಾನ ಬಂದಿಲ್ಲವೆಂದು ಹೇಳುವ ಹಾಗೂ ಇಲ್ಲ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲಿ ಘೋಷಣೆಯಾಯಿತು. ಕೊಠಡಿ ಏಳುತ್ತವೆ, ಗೋಡೆಗೆ ಬಣ್ಣ ಬರುತ್ತದೆ, ಸ್ಮಾರ್ಟ್ ಕ್ಲಾಸ್ ಎಂದು ಟಿ.ವಿ. ಬರುತ್ತದೆ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗೆ ಅರ್ಜಿ ಕರೆದಾಗ ಅದರಲ್ಲಿ 5,000 ನಮ್ಮ ಭಾಗಕ್ಕೆಂದೇ ಇತ್ತು. ಹಾಗೆ ನಮ್ಮ ಭಾಗಕ್ಕೆಂದು ಬಂದ ಹುದ್ದೆಗಳಲ್ಲಿ ಎಷ್ಟು ಜನ ಇವತ್ತು ಕರಿಹಲಗೆಯ ಮುಂದೆ ನಿಂತಿದ್ದಾರೆ, ಎಷ್ಟು ಜನ ಕಚೇರಿಯ ಮೇಜಿನ ಹಿಂದೆ ಕೂತಿದ್ದಾರೆ ಎಂದು ಮಂಡಳಿಯವರಾದರೂ ಒಮ್ಮೆ ಎಣಿಸಬೇಕು. ಅಂಕಿಅಂಶ ತುಂಬಲು ಕಚೇರಿಗೆ ಜನ ಬೇಕಿದ್ದರೆ ಗುಮಾಸ್ತರನ್ನು ನೇಮಿಸಿಕೊಳ್ಳಲಿ, ಡಾಟಾ ಎಂಟ್ರಿಯವರನ್ನು ಇಟ್ಟುಕೊಳ್ಳಲಿ. ನಮ್ಮ ಮಕ್ಕಳ ಪಾಲಿನ ಮಾಸ್ತರರನ್ನು ಮುಟ್ಟಬಾರದು.

ನಿಮ್ಮ ಪತ್ರಿಕೆಯ ಮೇಲೂ ನನಗೆ ಸಿಟ್ಟಿದೆ, ಸಂಪಾದಕರೇ. ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಗಳನ್ನು ಕೆಂಪು ಬಣ್ಣದಲ್ಲಿ ಕೊನೆಗಿಟ್ಟು ನಕಾಶೆ ಹಾಕುತ್ತೀರಿ. ಆ ಕೆಂಪು ಹೇಗೆ ಬಂತೆಂದು ಹುಡುಕಲು ವರದಿಗಾರರನ್ನು ಒಂದು ಹಳ್ಳಿಯ ಏಳನೇ ತರಗತಿಗೆ ಕಳಿಸಿಲ್ಲ. ಈಗಲಾದರೂ ಕಳಿಸಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸರ್ಕಾರಿ ಕಚೇರಿ ತನ್ನ ನೌಕರರ ಪಟ್ಟಿಯನ್ನು, ಅವರ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ನಮ್ಮ ತಾಲ್ಲೂಕಿನ ಕಚೇರಿಯಲ್ಲಿ ಯಾವ ಯಾವ ಶಾಲೆಯ ಶಿಕ್ಷಕರು ಎಂದಿನಿಂದ, ಯಾರ ಆದೇಶದ ಮೇಲೆ ಕೂತಿದ್ದಾರೆ ಎಂಬ ಪಟ್ಟಿಯನ್ನು ಕಚೇರಿಯ ಫಲಕದ ಮೇಲೆ ಅಂಟಿಸಲಿ. ಅಂಟಿಸದಿದ್ದರೆ ಎಸ್‌ಡಿಎಂಸಿಯವರು ಅರ್ಜಿ ಹಾಕುತ್ತೇವೆ, 30 ದಿನದೊಳಗೆ ಕೊಡಲೇಬೇಕು. ಪಟ್ಟಿ ಕೈಗೆ ಬಂದ ದಿನ ಅದರ ಪ್ರತಿಯನ್ನು ನಿಮಗೂ ತಲುಪಿಸುತ್ತೇನೆ. ಅಧಿಕಾರಿಯ ಭಾಷಣಕ್ಕೆ ಕೊಟ್ಟಷ್ಟೇ ಜಾಗವನ್ನು ಅದೇ ಪುಟದಲ್ಲಿ ಆ ಪಟ್ಟಿಗೂ ಕೊಡಿ.

— ಎಸ್‌ಡಿಎಂಸಿ ಸದಸ್ಯ ಹಾಗೂ ಪಾಲಕ,
ಕಲಬುರಗಿ ವಿಭಾಗದ ಒಂದು ಹಳ್ಳಿ