ಗಾಜಿನ ತೊಟ್ಟಿಯಲ್ಲಿ ನದಿಯ ಮೀನು

ಮನೆಯಲ್ಲಿ ಪ್ರಾಣಿಗಳನ್ನು ಸಾಕುವುದು ನಮ್ಮ ನಾಡಿಗೆ ಹೊಸದಲ್ಲ. ಕೊಟ್ಟಿಗೆಯಲ್ಲಿ ಹಸು, ಬಾಗಿಲಲ್ಲಿ ನಾಯಿ, ಒಲೆಯ ಮಗ್ಗುಲಲ್ಲಿ ಬೆಕ್ಕು, ಇವು ನಮ್ಮ ಹಳ್ಳಿಯ ಬಾಳಿನಲ್ಲಿ ಬೆರೆತುಹೋಗಿವೆ. ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಮೀನನ್ನು ಸಾಕುವ ಹವ್ಯಾಸವು ಈಚಿನದು. ಬಣ್ಣದ ಸಣ್ಣ ಮೀನುಗಳ ಚಲನವಲನವು ಮನಸ್ಸಿಗೆ ನೆಮ್ಮದಿಯನ್ನು ನೀಡುತ್ತದೆಂಬುದೂ, ಮಕ್ಕಳಲ್ಲಿ ಜೀವಿಗಳ ಬಗೆಗೆ ಕುತೂಹಲವನ್ನು ಹುಟ್ಟಿಸುತ್ತದೆಂಬುದೂ ನಿಜ. ಆದುದರಿಂದ ಈ ಹವ್ಯಾಸವನ್ನೇ ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ನದಿಯಲ್ಲಿ ಆಳುದ್ದ ಬೆಳೆಯಬೇಕಾದ ಮೀನನ್ನು ಗಾಜಿನ ನಾಲ್ಕು ಗೋಡೆಗಳ ನಡುವೆ ಇರಿಸಲು ನಮಗೆ ನೈತಿಕವಾದ ಹಕ್ಕುಂಟೆ ಎಂಬುದೇ ಇಲ್ಲಿಯ ಪ್ರಶ್ನೆ.

ಇಂಥ ಮೀನುಗಳು ಮಾರಾಟಕ್ಕೆ ಬರುವುದು ಬೆರಳುದ್ದದ ಮರಿಗಳಾಗಿ. ಅಂಗಡಿಗಳಲ್ಲಿ ‘ಶಾರ್ಕ್’ ಎಂದು ಕರೆದು ಮಾರುವ ಪಂಗಾಸಿಯಸ್ ಮರಿಯು ನಿಜವಾದ ಶಾರ್ಕ್ ಅಲ್ಲ. ಅದು ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲಿ ಬಹುದೂರ ವಲಸೆ ಹೋಗುವ ಮೀನು, ಒಂದು ಮೀಟರಿಗೂ ಮಿಕ್ಕಿ ಬೆಳೆಯಬಲ್ಲದು. ಅಮೆಜಾನ್ ನದಿಯ ಕೆಂಪು ಬಾಲದ ಕ್ಯಾಟ್‌ಫಿಶ್ ಕೂಡ ಅಷ್ಟೇ ಉದ್ದವಾಗುತ್ತದೆ. ಅದೇ ಸೀಮೆಯ ಅರಾಪೈಮಾ ಎರಡು ಮೀಟರನ್ನು ದಾಟುತ್ತದೆ. ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಎಂಬುದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಕೊಂಡವನಿಗಿಂತ ಅದೇ ಹೆಚ್ಚು ದಿನ ಬಾಳಿದರೂ ಅಚ್ಚರಿಯಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 56 ಲೀಟರ್. ಮೀನಿನ ಉದ್ದವು ಎರಡರಷ್ಟಾದರೆ ಅದರ ತೂಕವು ಸುಮಾರು ಎಂಟರಷ್ಟಾಗುತ್ತದೆ. ಹಾಗಾಗಿ 2 ಅಂಗುಲದ ಮರಿಯು 24 ಅಂಗುಲಕ್ಕೆ ಬೆಳೆದಾಗ ಅದರ ತೂಕವು ಸಾವಿರ ಪಟ್ಟಿಗಿಂತಲೂ ಹೆಚ್ಚಿರುತ್ತದೆ. ತೊಟ್ಟಿಯಾದರೋ ಇದ್ದಷ್ಟೇ ಇರುತ್ತದೆ. ಎರಡು ಅಡಿಯ ಮೀನು ಒಂದು ಅಡಿ ಅಗಲದ ತೊಟ್ಟಿಯಲ್ಲಿ ಮೈ ತಿರುಗಿಸುವುದೂ ಕಷ್ಟ. ಅದು ತನ್ನ ಕಿವಿರುಗಳಿಂದ ಹೊರಬಿಡುವ ಅಮೋನಿಯವು ನೀರಿನಲ್ಲಿಯೇ ಉಳಿಯುತ್ತದೆ. ಸೂಕ್ಷ್ಮಾಣುಗಳು ಅದನ್ನು ಕಡಿಮೆ ವಿಷಕಾರಿಯಾದ ವಸ್ತುವಾಗಿ ಮಾರ್ಪಡಿಸುತ್ತವೆ, ದಿಟ. ಆದರೆ ಅವುಗಳ ಶಕ್ತಿಗೂ ಮಿತಿಯುಂಟು.

“ಮೀನು ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ” ಎಂದು ಮಾರುವವರು ಸಮಾಧಾನ ಹೇಳುವುದುಂಟು. ಇದು ಅರ್ಧಸತ್ಯ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದುಂಟು. ಆದರೆ ಅದು ಹೊಂದಾಣಿಕೆಯಲ್ಲ, ಅನಾರೋಗ್ಯದ ಲಕ್ಷಣ. ಅರೆಹೊಟ್ಟೆಯಿಂದ ಕುಗ್ಗಿದ ಮಗುವನ್ನು ಕಂಡು “ಇವನಿಗೆ ಇಷ್ಟೇ ಅನ್ನ ಸಾಕು” ಎಂದವರನ್ನು ನಾವು ವಿವೇಕಿಗಳೆನ್ನುವೆವೆ?

ಮೀನಿಗೆ ನೋವೆಲ್ಲಿಯದು ಎಂದು ಕೇಳುವವರೂ ಉಂಟು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಘಾಸಿಯನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿಕೊಟ್ಟರು. ನಮ್ಮ ದೇಶದ ಶಾಸನವು ಅದಕ್ಕೂ ಮೊದಲೇ ಈ ದಿಕ್ಕಿನಲ್ಲಿ ನಡೆದಿತ್ತು. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮವು ಮನುಷ್ಯನ ಹೊರತು ಎಲ್ಲ ಜೀವಿಗಳನ್ನೂ ಪ್ರಾಣಿಯೆಂದೇ ಪರಿಗಣಿಸುತ್ತದೆ. ಸಾಕಷ್ಟು ಚಲಿಸಲು ಎಡೆಯಿಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಇಡುವುದನ್ನು ಅಪರಾಧವೆನ್ನುತ್ತದೆ.

“ಮೀನನ್ನು ತಿನ್ನುವವರಿರುವಾಗ ಸಾಕುವುದರಲ್ಲಿ ಏನು ದೋಷ?” ಎಂಬುದು ಇನ್ನೊಂದು ಆಕ್ಷೇಪ. ಆಹಾರದ ಪ್ರಶ್ನೆಯೇ ಬೇರೆ. ಅದು ಹಸಿವಿನ, ಕಸುಬಿನ ಪ್ರಶ್ನೆ. ಇಲ್ಲಿ ನಾವು ಹಸಿವಿಗಾಗಿಯಲ್ಲ, ಕಣ್ಣಿನ ಸುಖಕ್ಕಾಗಿ ಒಂದು ಜೀವವನ್ನು ವರ್ಷಗಟ್ಟಲೆ ಸೆರೆಯಲ್ಲಿಡುತ್ತೇವೆ. ನಮ್ಮ ಸುಖ ಎಷ್ಟು ಚಿಕ್ಕದೋ ಅದಕ್ಕಾಗಿ ಪರಜೀವಿಯು ಪಡುವ ಕಷ್ಟವೂ ಅಷ್ಟು ಚಿಕ್ಕದಾಗಿರಬೇಕು.

ತೊಟ್ಟಿಗೆ ಮಿಕ್ಕಿ ಬೆಳೆದ ಮೀನನ್ನು ಏನು ಮಾಡುವುದು? ಅನೇಕರು “ಪಾಪ, ಬದುಕಿಕೊಳ್ಳಲಿ” ಎಂದು ಕೆರೆಗೋ ಹೊಳೆಗೋ ಬಿಡುತ್ತಾರೆ. ಈ ಕರುಣೆಯು ಮೊದಲ ತಪ್ಪಿಗಿಂತಲೂ ದೊಡ್ಡ ಅನಾಹುತವನ್ನು ತಂದೀತು. ಕೇರಳದ 2018ರ ಮಹಾಪೂರದಲ್ಲಿ ಸಾಕಣೆಯ ನೆಲೆಗಳಿಂದ ತಪ್ಪಿಸಿಕೊಂಡ ಅರಾಪೈಮಾ ಮತ್ತು ಅಲಿಗೇಟರ್ ಗಾರ್ ಮೀನುಗಳು ಚಾಲಕುಡಿ ನದಿಯಲ್ಲಿ ಸಿಕ್ಕವು. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿಯೂ ಅಲಿಗೇಟರ್ ಗಾರ್ ಕಾಣಿಸಿಕೊಂಡಿತು.

ಇದು ದೂರದೂರಿನ ಸುದ್ದಿಯೆಂದು ಆದಿವಾಲದ ನಾವು ಸುಮ್ಮನಿರುವಂತಿಲ್ಲ. ನಮ್ಮ ತಾಲ್ಲೂಕಿನ ಜೀವನಾಡಿ ವೇದಾವತಿ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಹರಿದ ಬಳಿಕ 89 ವರ್ಷಗಳವರೆಗೆ ಕೋಡಿ ಬೀಳಲಿಲ್ಲ. 2022ರಲ್ಲಿ ಮತ್ತೆ ತುಂಬಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿಯಿತು. ಕೋಡಿಯ ಮೇಲೆ ಹರಿದ ನೀರಿಗೆ ತಡೆಯಿಲ್ಲ. ವೇದಾವತಿಯು ತುಂಗಭದ್ರೆಯನ್ನು, ತುಂಗಭದ್ರೆಯು ಕೃಷ್ಣೆಯನ್ನು ಸೇರುತ್ತದೆ. ಒಬ್ಬನು ಒಂದು ಸಂಜೆ ಮಾರಿಕಣಿವೆಯ ನೀರಿಗೆ ಬಿಟ್ಟ ಪರದೇಶದ ಬೇಟೆಗಾರ ಮೀನು ಒಂದು ಮಳೆಗಾಲದಲ್ಲಿ ಎಲ್ಲಿಗೆ ತಲುಪೀತೆಂದು ಹೇಳಬಲ್ಲವರಾರು? ಇಲ್ಲಿಯ ಕುಚ್ಚು, ಗೆಂಡೆಗಳ ಪಾಡೇನು? ಅವುಗಳನ್ನು ನಂಬಿ ಬಲೆ ಬೀಸುವವರ ಪಾಡೇನು?

ದೊಡ್ಡ ಮೀನನ್ನು ಕಣ್ತುಂಬ ನೋಡುವ ಆಸೆ ತಪ್ಪಲ್ಲ. ಅದಕ್ಕೆ ನಮ್ಮ ಹಿರಿಯರು ಒಳ್ಳೆಯ ದಾರಿಯನ್ನೇ ತೋರಿದ್ದಾರೆ. ಶೃಂಗೇರಿಯಲ್ಲಿ ತುಂಗೆಯ ಮಡುವಿನ ಮೆಟ್ಟಿಲುಗಳ ಬಳಿ, ಶಿಶಿಲದಲ್ಲಿ ಕಪಿಲೆಯ ದಂಡೆಯಲ್ಲಿ, ಮೊಳದುದ್ದದ ಮಹಶೀರ್ ಮೀನುಗಳು ಹಿಂಡುಗಟ್ಟಿ ಬರುತ್ತವೆ. ಅಲ್ಲಿ ಗಾಜಿಲ್ಲ, ಬೀಗವಿಲ್ಲ. ಹಿಡಿಯಬಾರದೆಂಬ ಜನರ ಕಟ್ಟುಪಾಡು ಅವುಗಳಿಗೆ ಕಾವಲು. ಮೀನು ತನ್ನ ನೀರಿನಲ್ಲಿಯೇ ಇರುತ್ತದೆ, ಮನುಷ್ಯನು ದಂಡೆಗೆ ಹೋಗಿ ನೋಡುತ್ತಾನೆ. ನೋಡುವವನು ನಡೆದುಹೋಗಬೇಕೇ ಹೊರತು, ನೋಡಿಸಿಕೊಳ್ಳುವ ಜೀವವನ್ನು ಹೊತ್ತು ತರಬಾರದು.

ಮನೆಯಲ್ಲಿ ತೊಟ್ಟಿಯನ್ನಿಡಬೇಕೆನ್ನುವವರು ಮೂರು ಮಾತುಗಳನ್ನು ನೆನಪಿಡುವುದು ಒಳಿತು. ಕೊಳ್ಳುವ ಮುನ್ನ ಈ ಮರಿಯು ಬೆಳೆದಾಗ ಎಷ್ಟು ಉದ್ದವಾಗುವುದೆಂದು ವಿಚಾರಿಸಬೇಕು. ಉತ್ತರ ದೊರೆಯದಿದ್ದರೆ ಕೊಳ್ಳಬಾರದು. ಬೆಳೆದ ಮೇಲೂ ಇಕ್ಕಟ್ಟಾಗದಂಥ ಗಪ್ಪಿ, ಟೆಟ್ರಾ ಮೊದಲಾದ ಸಣ್ಣ ಮೀನುಗಳಿಂದಲೇ ತೃಪ್ತಿಪಡಬೇಕು. ದೊಡ್ಡದು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ವಿಶಾಲವಾದ ಕೊಳವುಳ್ಳವರಿಗೆ ಒಪ್ಪಿಸಬೇಕು. ಸಣ್ಣದಿರಲಿ ದೊಡ್ಡದಿರಲಿ, ತೊಟ್ಟಿಯ ಮೀನನ್ನು ಎಂದಿಗೂ ಕೆರೆಗೆ ಬಿಡಬಾರದು.

ಮೂಕ ಜೀವಿಯು ತನ್ನ ದೂರನ್ನು ಹೇಳಿಕೊಳ್ಳಲಾರದು. ಮೀನಿಗಂತೂ ಕೂಗಲು ದನಿಯೂ ಇಲ್ಲ, ಸುರಿಸಲು ಕಣ್ಣೀರೂ ಇಲ್ಲ. ಆದುದರಿಂದಲೇ ಅದರ ಪರವಾಗಿ ಯೋಚಿಸುವ ಹೊಣೆಯು ಅದನ್ನು ಕೊಳ್ಳುವ ಕೈಯ ಮೇಲಿದೆ. ಆ ಹೊಣೆಯನ್ನು ಹೊರಲಾರದ ಕೈಯು ಅಂಗಡಿಯಿಂದ ಬರಿದಾಗಿಯೇ ಮರಳುವುದು ಮೇಲು.