ಬೇಸಿಗೆ ಸೂಟಿ, ಭೌತಶಾಸ್ತ್ರ ಮತ್ತು ನಮ್ಮ ಗಡಿಯ ಮಕ್ಕಳು

ನಮ್ಮ ಬೆಳುಂಕಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಹೋದ ಹುಡುಗನೊಬ್ಬ ಒಂದು ಡಿಸೆಂಬರಿನಲ್ಲಿ ನಮ್ಮನ್ನು ಕಾಣಲು ಬಂದಿದ್ದ. ಬಿ.ಎಸ್ಸಿ. ಎರಡನೇ ವರ್ಷ, ವಿಷಯ ಭೌತಶಾಸ್ತ್ರ. ಬೇಸಿಗೆ ಸೂಟಿಯಲ್ಲಿ ಏನು ಮಾಡುತ್ತೀ ಎಂದು ಕೇಳಿದೆವು. "ಒಣದ್ರಾಕ್ಷಿ ಶೆಡ್ಡಿಗೆ ಹೋಗತೀನ್ರಿ ಸರ್, ಪಗಾರ ಛಲೋ ಕೊಡತಾರ" ಎಂದ. ವಿಜ್ಞಾನಿಗಳ ಜೊತೆ ಎರಡು ತಿಂಗಳು ಕೆಲಸ ಮಾಡುವ ಫೆಲೋಶಿಪ್ ಇದೆಯಲ್ಲ ಎಂದರೆ, "ಅವೆಲ್ಲ ನಮ್ಮಂಥವರಿಗೆ ಎಲ್ಲಿ ಸಿಗತಾವ್ರಿ" ಎಂದು ನಕ್ಕ. ಅಷ್ಟರಲ್ಲಿ ಅರ್ಜಿಯ ದಿನವೂ ದಾಟಿತ್ತು. ಕಾಲೇಜಿನಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನಾವೂ ಹೇಳಿರಲಿಲ್ಲ.

ಅವಕಾಶಗಳು ಇಲ್ಲವೆಂದಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಬಿ.ಎಸ್ಸಿ. ವಿದ್ಯಾರ್ಥಿಗಳಷ್ಟೇ ಅಲ್ಲ, ಶಿಕ್ಷಕರೂ ಅರ್ಜಿ ಹಾಕಬಹುದು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ 'ನಿಯಸ್' ಕಾರ್ಯಕ್ರಮ ಆರಂಭಿಸಿತು. ನಮ್ಮದೇ ರಾಜ್ಯದ ಪುಣೆ ಜಿಲ್ಲೆಯ ಖೋಡದದಲ್ಲಿ ತಲಾ 45 ಮೀಟರ್ ಅಗಲದ 30 ರೇಡಿಯೋ ದೂರದರ್ಶಕಗಳಿವೆ. ಜತ್ತ ತಾಲೂಕಿನ ಎಷ್ಟು ಮಕ್ಕಳು ಅವನ್ನು ನೋಡಿದ್ದಾರೆ?

ಕಾಲೇಜಿನ ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಲೋಲಕ ತೂಗಿಸಿ 9.8ರ ಹತ್ತಿರ ಬಂದರೆ ಮಾರ್ಕು. ಸಂಶೋಧನೆಯಲ್ಲಿ ಉತ್ತರ ಗುರುಗಳಿಗೂ ಗೊತ್ತಿರುವುದಿಲ್ಲ. ಆ ರುಚಿ ಒಮ್ಮೆ ಹತ್ತಿದರೆ ಹುಡುಗ ಬೇರೆಯೇ ಆಗುತ್ತಾನೆ.

ಹಾಗಾದರೆ ಅಡ್ಡಿ ಏನು? ಮೊದಲನೆಯದು ಸುದ್ದಿ. ಎರಡನೆಯದು ಶಿಫಾರಸು ಪತ್ರ. ಸಣ್ಣ ಊರಿನ ಕಾಲೇಜಿನಲ್ಲಿ ಅದನ್ನು ಬರೆದು ರೂಢಿಯಿದ್ದವರು ಕಡಿಮೆ. ಮೂರನೆಯದು ಪರೀಕ್ಷೆ, ವಿಶ್ವವಿದ್ಯಾಲಯದ ಪರೀಕ್ಷೆ ಮೇ ದಾಟಿದರೆ ಫೆಲೋಶಿಪ್ಪಿನ ದಿನಗಳೇ ಕಳೆದುಹೋಗುತ್ತವೆ. ನಾಲ್ಕನೆಯದು ಹಣ. ಕಬ್ಬು ಕಡಿಯಲು ಹೋಗುವ ಮನೆಯ ಹುಡುಗನಿಗೆ ಸೂಟಿ ಎಂದರೆ ದುಡಿಮೆ. ಸ್ಟೈಪೆಂಡು ಕೈಗೆ ಬರುವ ತನಕ ಊಟಕ್ಕೇನು ಎನ್ನುವುದು ಅವನ ಪ್ರಶ್ನೆ. ಹೆಣ್ಣುಮಕ್ಕಳಾದರೆ ಎಲ್ಲಿ ಉಳಿಯುತ್ತಾಳೆ ಎಂಬ ಮನೆಯವರ ಚಿಂತೆ ಬೇರೆ.

ಅರ್ಹತೆ ಇದ್ದರೆ ತಾನೇ ಸಿಗುತ್ತದೆ ಎನ್ನುವವರಿದ್ದಾರೆ. ಅರ್ಜಿಯನ್ನೇ ಹಾಕದವನ ಅರ್ಹತೆ ಅಳೆಯುವವರು ಯಾರು? ಅಮೆರಿಕದಲ್ಲಿ 1987ರಿಂದ ಸರಕಾರದ ಹಣದಲ್ಲಿ ಇಂಥದ್ದೇ ಯೋಜನೆ ನಡೆದು ಬಂದಿದೆ. ಸಂಶೋಧನೆಯ ಸೌಕರ್ಯವಿಲ್ಲದ ಕಾಲೇಜುಗಳಿಂದಲೂ ಮಕ್ಕಳನ್ನು ಹುಡುಕಿ ತರಬೇಕೆಂಬುದು ಅದರ ನಿಯಮಗಳಲ್ಲೇ ಇದೆ. ನಾವು ಕೇಳುವುದೂ ಅಷ್ಟೇ: ಮಾರ್ಕು ಇಳಿಸಬೇಡಿ, ಹುಡುಕಿ ಬನ್ನಿ. ದಲಿತರ ಕೇರಿಯಿಂದ, ತಾಂಡಾದಿಂದ, ಗಡಿಯ ಕನ್ನಡ ಶಾಲೆಯಿಂದ ಬಂದವರಿಗೆ ಪ್ರಯಾಣದ ಹಣ, ಮೊದಲ ತಿಂಗಳ ಸ್ಟೈಪೆಂಡು ಮುಂಗಡವಾಗಿ ಕೊಡಿ.

ಇಂಗ್ಲಿಷಿನ ಭಯ ಬೇಡ. ನಮ್ಮ ಮಕ್ಕಳು ವೇಗೋತ್ಕರ್ಷವನ್ನು ಕನ್ನಡದಲ್ಲಿ ಕಲಿತು, 'ತ್ವರಣ'ವೆಂದು ಮರಾಠಿಯಲ್ಲಿ ಕೇಳಿ, 'ಎಕ್ಸಲರೇಶನ್' ಎಂದು ಕಾಲೇಜಿನಲ್ಲಿ ಬರೆಯುತ್ತಾರೆ. ಮೂರು ಭಾಷೆಯಲ್ಲಿ ತಿಳಿದವನಿಗೆ ಅರ್ಥ ಗಟ್ಟಿಯಾಗಿಯೇ ಇರುತ್ತದೆ. ಗೌರಿಬಿದನೂರು ತಾಲೂಕಿನ ಹೊಸೂರಿನಿಂದ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ ಎಚ್. ನರಸಿಂಹಯ್ಯ ಮುಂದೆ ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ಈಗ ನಮ್ಮ ಪಾಲಿನ ಕೆಲಸ. ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳ ಫೋನ್ ನಂಬರು ಬರೆದಿಡಲು ಶುರುಮಾಡಿದ್ದೇವೆ. ವಿಜ್ಞಾನ ಓದುತ್ತಿರುವವರಿಗೆ ದಸರೆ ಮುಗಿದೊಡನೆ ಫೋನು ಹೋಗುತ್ತದೆ. ಅರ್ಜಿ ತುಂಬಲು ನಾವು ಕೂಡುತ್ತೇವೆ. ಅಕ್ಕಪಕ್ಕದ ಊರಿನ ಗುರುಗಳೂ ಇಷ್ಟು ಮಾಡಿರೆಂದು ವಿನಂತಿ. ಆ ಹುಡುಗನಿಗೆ ಮೂರನೇ ವರ್ಷದಲ್ಲಿ ಇನ್ನೊಂದು ಅವಕಾಶವಿತ್ತು. ಈ ಸಲ ಅರ್ಜಿ ಹಾಕಿದ, ಸಿಗಲಿಲ್ಲ. ಆದರೆ ತನ್ನ ತಂಗಿಗೆ ದಿನಾಂಕ ಹೇಳಿಟ್ಟಿದ್ದಾನೆ.