ನಾಳೆ ಸಂಜೆ 4 ಗಂಟೆಗೆ ಬೆಂಕಿ ಬೀಳಲಿದೆ, ದಯವಿಟ್ಟು ಸಹಕರಿಸಿ

ವರ್ಷಕ್ಕೊಂದು ಸಲ ನಮ್ಮ ಆಫೀಸಿಗೆ ಬೆಂಕಿ ಬೀಳುತ್ತೆ. ಅದೂ ಹೇಳಿ ಕೇಳಿ ಬೀಳುತ್ತೆ. ಹಿಂದಿನ ದಿನವೇ ಅಡ್ಮಿನ್‌ನವರ ಮೇಲ್: ನಾಳೆ ಸಂಜೆ 4 ಗಂಟೆಗೆ ಫೈರ್ ಡ್ರಿಲ್, ಎಲ್ಲರೂ ಸಹಕರಿಸಿ. ಬುದ್ಧಿವಂತರು ಮೂರೂಮುಕ್ಕಾಲಿಗೇ ಲಿಫ್ಟಲ್ಲಿ ಇಳಿದು ಟೀ ಅಂಗಡಿ ಮುಂದೆ ನಿಂತಿರ್ತಾರೆ. ಮ್ಯಾನೇಜರುಗಳಿಗೆ ಕ್ಲೈಂಟ್ ಕಾಲ್, ಅವರಿಗೆ ವಿನಾಯಿತಿ. ಉಳಿದವರು ಕಂಕುಳಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು, ಮೊಬೈಲ್ ನೋಡ್ತಾ, ಮದುವೆ ಮನೆಯ ಎರಡನೇ ಪಂಕ್ತಿಗೆ ಹೊರಟವರ ಹಾಗೆ ನಿಧಾನಕ್ಕೆ ಮೆಟ್ಟಿಲಿಳೀತಾರೆ. ಕೆಳಗೆ ಸೆಕ್ಯೂರಿಟಿಯವರು ತಗಡಿನ ಡಬ್ಬದಲ್ಲಿ ಬೆಂಕಿ ಹಚ್ಚಿ ಆರಿಸಿ ತೋರಿಸ್ತಾರೆ. ನಾವು ಚಪ್ಪಾಳೆ ತಟ್ತೀವಿ. ಒಂದು ಗ್ರೂಪ್ ಫೋಟೋ, ಫೈಲಿಗೊಂದು ರಿಪೋರ್ಟ್. ಅಲ್ಲಿಗೆ ಬೆಂಕಿ ಆರಿತು.

ಈ ನಾಟಕದ ಮೇಲೆ ನನಗೆ ಸಿಟ್ಟಿದೆ. ಕಾರಣ ಹೇಳ್ತೀನಿ.

ಹಿಂದಿನ ಕಂಪನಿಯಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ, ರಿಲೀಸ್ ಕೆಲಸದ ಮಧ್ಯೆ, ಹೂಟರ್ ಹೊಡೆದುಕೊಂಡಿತು. ಹನ್ನೊಂದನೇ ಮಹಡಿ. "ಟೆಸ್ಟಿಂಗ್ ಇರ್ಬೇಕು ಗುರೂ" ಅಂದ ಪಕ್ಕದವನು. ನಾನು ಮಾಡಿದ್ದೇನು ಗೊತ್ತಾ? ಹೆಡ್‌ಫೋನ್ ಹಾಕ್ಕೊಂಡೆ. ಐದಾರು ನಿಮಿಷ ಆದ ಮೇಲೆ ಸುಟ್ಟ ವೈರಿನ ವಾಸನೆ ಬಂತು. ಯುಪಿಎಸ್ ರೂಮಿಂದ ಹೊಗೆ. ಎದ್ದು ಓಡಿದ್ವಿ, ಎಲ್ಲಿಗೆ? ಲಿಫ್ಟಿನ ಹತ್ತಿರ! ದಿನಾ ಬರೋ ದಾರಿ ಅದೊಂದೇ ಅಲ್ವಾ. ಯಾರೋ ಕೂಗಿ ಹೇಳಿದ ಮೇಲೆ ಮೆಟ್ಟಿಲು ನೆನಪಾಯ್ತು.

ಕೆಳಗೆ ಹೆಸರು ಕೂಗಿ ಲೆಕ್ಕ ಹಾಕಿದರು. ಪಟ್ಟಿಯಲ್ಲಿ 23 ಹೆಸರು, ನಿಂತವರು 23 ಜನ. ಎಲ್ಲಾ ಸೇಫ್ ಅಂತ ಮೇಲ್ ಕೂಡ ಹೋಯ್ತು. ಅದಾಗಿ ಇಪ್ಪತ್ತು ನಿಮಿಷಕ್ಕೆ ಹೌಸ್‌ಕೀಪಿಂಗ್ ಅಕ್ಕ ಕೆಮ್ಮುತ್ತಾ, ಸೆರಗಲ್ಲಿ ಮೂಗು ಮುಚ್ಚಿಕೊಂಡು ಹಿಂದಿನ ಮೆಟ್ಟಿಲಿಂದ ಇಳಿದು ಬಂದರು. ಮೊದಲು ಹೋದ ಬಾಗಿಲಿಗೆ ಬೀಗ ಹಾಕಿತ್ತಂತೆ. ಹೊಗೆಯಲ್ಲೇ ವಾಪಸ್ ಬಂದು ಇನ್ನೊಂದು ಬಾಗಿಲು ಹುಡುಕಿದ್ದಾರೆ.

"ಹೂಟರ್ ಕೇಳಿಸ್ಲಿಲ್ವಾ ಅಕ್ಕಾ?" ಅಂದೆ.

"ಕೇಳಿಸ್ತು ಸಾರ್. ಅದು ನಿಮ್ಗೆ ಅಂದ್ಕೊಂಡೆ."

ತಪ್ಪೇನಿದೆ ಅವರದ್ದು? ಪ್ರತಿ ಡ್ರಿಲ್‌ನಲ್ಲೂ ಹೂಟರ್ ಹೊಡೆದಾಗ ನಾವು ಇಳೀತಿದ್ವಿ, ಅವರು ನೆಲ ಒರೆಸ್ತಿದ್ರು. ಕಾಂಟ್ರ್ಯಾಕ್ಟರ್ ಕಡೆಯವರು ಅಂತ ಅವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ನಾವು ವರ್ಷವರ್ಷ ಅಭ್ಯಾಸ ಮಾಡಿಸಿದ್ದನ್ನೇ ಅವರು ಮಾಡಿದರು. ಹಾಗೆ ನೋಡಿದರೆ ನಾನೂ ಅಷ್ಟೆ. ಹೂಟರ್ ಅಂದ್ರೆ ಸುಳ್ಳು ಅಂತ ಕಲಿತಿದ್ದೆ, ಹೆಡ್‌ಫೋನ್ ಹಾಕಿದೆ. ಕೆಟ್ಟ ಡ್ರಿಲ್ಲಿಂದ ಉಪಯೋಗ ಇಲ್ಲದಿದ್ದರೂ ನಷ್ಟ ಇಲ್ಲ ಅಂತ ಕೆಲವರು ಹೇಳ್ತಾರೆ. ನಷ್ಟ ಇದೆ ಸ್ವಾಮಿ, ಅದು ತಪ್ಪು ಪಾಠ ಕಲಿಸುತ್ತೆ.

ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಅಪ್ಪ ಮೊದಲು ಓಡಿದ್ದು ನೀರಿಗಲ್ಲ, ಕೊಟ್ಟಿಗೆಗೆ. ದನಗಳ ಹಗ್ಗಕ್ಕೆ ಯಾವಾಗಲೂ ಜೀರುಗುಣಿಕೆ ಹಾಕ್ತಿದ್ದ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಗಂಟು. ನಾನು ಬಿಗಿಯಾಗಿ ಗಂಟು ಹಾಕಿದ್ರೆ ಬೈತಿದ್ದ: "ಕಟ್ಟೋವಾಗ್ಲೇ ಬಿಚ್ಚೋದು ಯೋಚ್ನೆ ಮಾಡ್ಬೇಕು ಕಣೋ." ಆ ದಿನ ಎರಡು ಎತ್ತು, ಒಂದು ಹಸು, ಕರು, ಎಲ್ಲಾ ಒಂದು ನಿಮಿಷದೊಳಗೆ ಬಯಲಲ್ಲಿದ್ವು. ನಮ್ಮಪ್ಪ ನಾಲ್ಕನೇ ಕ್ಲಾಸು. ಫೈರ್ ಎಕ್ಸಿಟ್ ಬಾಗಿಲಿಗೆ ಬೀಗ ಹಾಕಿಸಿದವರು ಬಿಇ, ಎಂಬಿಎ.

ಬೆಂಗಳೂರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ನಮ್ಮಂಥವರೇ, ಕೆಲಸಕ್ಕೆ ಅಂತ ಹೋದವರು. ಅಲ್ಲಿ ಕಟ್ಟಡವನ್ನು ತುಂಬಿದ್ದು ಹೊಗೆ. ಉಸಿರು ಕಟ್ಟಿ ಗಾಜು ಒಡೆದು ಕೆಳಗೆ ಹಾರಿದವರೂ ಸತ್ತವರಲ್ಲಿದ್ದರು. ಆಮೇಲೆ ಸ್ವಲ್ಪ ದಿನ ಎಲ್ಲಾ ಕಡೆ ಡ್ರಿಲ್ ನಡೆದವು. ಆಮೇಲೆ ನಾವು ಫೋಟೋಗೆ ಇಳಿದೆವು.

ಸರಿಯಾಗಿ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಮಾರ್ಗನ್ ಸ್ಟಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ರಿಕ್ ರೆಸ್ಕೋರ್ಲಾ. 1993ರ ಬಾಂಬ್ ಸ್ಫೋಟದ ನಂತರ ಈತ ಹಟಕ್ಕೆ ಬಿದ್ದು ಮತ್ತೆ ಮತ್ತೆ ಡ್ರಿಲ್ ಮಾಡಿಸಿದ. ದೊಡ್ಡ ಸಾಹೇಬರುಗಳೂ ಫೋನಿಟ್ಟು ಮೆಟ್ಟಿಲಿಳಿಯಬೇಕಿತ್ತು. ಗೊಣಗಿದರು, ಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ಇರೋ ಕಡೆಯೇ ಇರಿ ಅಂತ ಘೋಷಣೆ ಬಂದರೂ ಕೇಳದೆ ತನ್ನವರನ್ನು ಇಳಿಸೋಕೆ ಶುರುಮಾಡಿದ. ಸುಮಾರು 2,700 ಜನರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಉಳಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹತ್ತಿದ ಅವನು ವಾಪಸ್ ಬರಲಿಲ್ಲ.

ನಾವು ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾವು ನಂಬಲ್ಲ. ಸರ್ವರ್ ಬಿದ್ದರೆ ಏನಾಗುತ್ತೆ ಅಂತ ಬೇಕಂತಲೇ ಬೀಳಿಸಿ ನೋಡ್ತೀವಿ. ಮನುಷ್ಯರ ವಿಷಯದಲ್ಲಿ ಮಾತ್ರ ಟೆಸ್ಟ್ ಪಾಸಾಗೋ ಹಾಗೇ ಟೆಸ್ಟ್ ಬರೀತೀವಿ.

ದಿನಾಂಕ ಹೇಳಬೇಡಿ. ಒಂದು ಸಲ ರಾತ್ರಿ ಶಿಫ್ಟಿಗೂ ಮಾಡಿ. ಒಂದು ಮೆಟ್ಟಿಲಿಗೆ ಅಡ್ಡ ಜನ ನಿಲ್ಲಿಸಿ "ಇಲ್ಲಿ ಹೊಗೆ ಇದೆ" ಅನ್ನಿ, ಎಷ್ಟು ಜನಕ್ಕೆ ಎರಡನೇ ದಾರಿ ಗೊತ್ತು ನೋಡೋಣ. ಹೂಟರ್‌ನಿಂದ ಕೊನೆಯವರು ಕೆಳಗೆ ಬರೋವರೆಗೆ ಗಡಿಯಾರ ಹಿಡಿಯಿರಿ, ಮುಂದಿನ ಸಲ ಹೋಲಿಸಿ. ತಲೆ ಎಣಿಕೆಯಲ್ಲಿ ಹೌಸ್‌ಕೀಪಿಂಗ್, ಕ್ಯಾಂಟೀನ್, ಸೆಕ್ಯೂರಿಟಿ, ಇಂಟರ್‌ವ್ಯೂಗೆ ಬಂದ ಹುಡುಗ, ಎಲ್ಲರೂ ಇರಲಿ. ವೀಲ್‌ಚೇರ್‌ನಲ್ಲಿರೋ ಸಹೋದ್ಯೋಗಿಯನ್ನ, ತುಂಬು ಬಸುರಿಯನ್ನ ಯಾರು, ಹೇಗೆ ಇಳಿಸ್ತಾರೆ ಅನ್ನೋದು ಹೆಸರು ಸಮೇತ ಮೊದಲೇ ತೀರ್ಮಾನ ಆಗಿರಲಿ. ಮುಗಿದ ಮೇಲೆ ಫೋಟೋ ಬೇಡ, ಏನೇನು ಕೆಟ್ಟಿತು ಅನ್ನೋ ಪಟ್ಟಿ ಬರಲಿ. ಏನೂ ಕೆಡದ ಡ್ರಿಲ್ ಮೇಲೆ ನನಗೆ ಅನುಮಾನ.

ಕೆಲಸ ಹಾಳಾಗುತ್ತೆ ಅಂತೀರಾ? 300 ಜನರ ಇಪ್ಪತ್ತು ನಿಮಿಷ ಅಂದ್ರೆ 100 ಗಂಟೆ. ಯಾರೂ ಕೇಳಿಸಿಕೊಳ್ಳದ ಒಂದು ಟೌನ್‌ಹಾಲ್ ಮೀಟಿಂಗಿಗೆ ಇದಕ್ಕಿಂತ ಜಾಸ್ತಿ ಸುರೀತೀವಿ.

ಆಫೀಸನ್ನ ಬೈದು ಮನೆಗೆ ಬಂದ್ರೆ ಅಪಾರ್ಟ್‌ಮೆಂಟ್ ಕಥೆ ಇನ್ನೂ ಚೆಂದ. ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ತುಳಸಿ ಕುಂಡ. ಹೊಗೆ ತಡೆಯೋ ಬಾಗಿಲು ಗಾಳಿ ಬರ್ಲಿ ಅಂತ ಇಟ್ಟಿಗೆ ಕೊಟ್ಟು ತೆಗೆದಿಟ್ಟದ್ದು. ನಮ್ಮ ಅಸೋಸಿಯೇಷನ್ ಮೀಟಿಂಗಲ್ಲಿ ಡ್ರಿಲ್ ಮಾಡೋಣ ಅಂದೆ. "ವಯಸ್ಸಾದವರು ಗಾಬರಿ ಆಗ್ತಾರೆ" ಅಂದರು. ಗಾಬರಿ ಆಗೋದಾದ್ರೆ ಬೆಂಕಿ ಇಲ್ಲದ ದಿನವೇ ಆಗಲಿ ಅಂಕಲ್, ಅಂದೆ. ವಿಷಯ ಮುಂದಿನ ಮೀಟಿಂಗಿಗೆ ಹೋಯ್ತು. ನಾನೂ ಮುಂದಿನ ಮೀಟಿಂಗಿಗೆ ಹೋಗ್ತೀನಿ.

ಅಲ್ಲಿವರೆಗೆ ನೀವೊಂದು ಕೆಲಸ ಮಾಡಿ. ಇವತ್ತು ಆಫೀಸಿಂದ ಹೊರಡುವಾಗ ಲಿಫ್ಟ್ ಬಿಟ್ಟು, ಯಾವತ್ತೂ ಇಳಿಯದ ಆ ಹಿಂದಿನ ಮೆಟ್ಟಿಲಲ್ಲಿ ಇಳೀರಿ. ಕೊನೆಯ ಬಾಗಿಲು ತಳ್ಳಿ ನೋಡಿ. ತೆಗೆಯದಿದ್ದರೆ ನಾಳೆ ಬೆಳಗ್ಗೆ ಮೊದಲ ಮೇಲ್ ಅದೇ ಇರಲಿ. ನೆಲ ಒರೆಸೋ ಅಕ್ಕನಿಗೂ ಆ ಬಾಗಿಲು ತೋರಿಸಿ, ಹೂಟರ್ ಹೊಡೆದರೆ ಅದು ಅವರಿಗೂ ಅಂತ ಹೇಳಿ.